ನನ್ನ ಎಡಗಣ್ಣಿನ ಪರವಾಗಿ ಎರಡು ಮಾತು

ಈ ಸಭೆಯ ಅಧ್ಯಕ್ಷಪೀಠವನ್ನು ಎರಡೂ ತೋಳುಗಳವರೆಗೆ ತುಂಬಿ ಕುಳಿತಿರುವ ಶ್ರೀ ಮಲ್ಲಿಕಾರ್ಜುನಪ್ಪನವರೇ, ಇಂದಿನ ಬೀಳ್ಕೊಡುಗೆಗೆ ಕಾರಣರಾದ ನಮ್ಮ ದವಾಖಾನೆಯ ಡಾಕ್ಟರ ಹಮೀದುನ್ನಿಸಾ ಅವರೇ, ಮುಂದಿನ ಸಾಲಿನಲ್ಲಿರುವ ಅವರ ತಾಯಿ, ನಮ್ಮೆಲ್ಲರ ಮರಿಯಮಬೀ ಅವರೇ, ಹಾರ ತಂದವರೇ, ಹಾರ ತರುತ್ತೇವೆಂದು ಹೇಳಿ ಬರಿಗೈಯಲ್ಲಿ ಬಂದವರೇ, ಭಾಲ್ಕಿ ಔರಾದಗಳಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಇಲ್ಲಿಯೂ ನಿಂತೇ ಇರುವ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಅಧ್ಯಕ್ಷರ ಮೇಜಿನ ಮೇಲೆ ಒಂದು ಗಂಟೆಯೂ ಇದೆ. ಆದರೆ ವ್ಯವಸ್ಥಾಪಕರು ಒಂದು ತಪ್ಪು ಮಾಡಿದ್ದಾರೆ. ಅಧ್ಯಕ್ಷರ ಕುರ್ಚಿಯನ್ನು ನನ್ನ ಬಲಕ್ಕೆ ಹಾಕಿದ್ದಾರೆ. ನನ್ನ ಬಲಗಣ್ಣು ಹೋಗಿ ಎರಡು ವರ್ಷವಾಯಿತು. ಅಧ್ಯಕ್ಷರು ಕೈ ಬೀಸಿದರೂ, ಹುಬ್ಬು ಗಂಟಿಕ್ಕಿದರೂ, ಎದ್ದು ನಿಂತು ಸಾಕು ಎಂದು ಸನ್ನೆ ಮಾಡಿದರೂ ನನಗೆ ಕಾಣುವುದಿಲ್ಲ. ಆದ್ದರಿಂದ ಹತ್ತು ನಿಮಿಷ ಎಂದರೆ ಎಷ್ಟು ಎನ್ನುವುದು ಇವತ್ತು ನನಗೆ ಬಿಟ್ಟದ್ದು.

ನನ್ನನ್ನು ಅರಿಯದವರಿಗೆ ಹೇಳುತ್ತೇನೆ. ನನ್ನ ಹೆಸರು ಹಾವಗೆಪ್ಪ. ಹುಟ್ಟಿದ್ದು ಹಲಬರ್ಗಾದಲ್ಲಿ. ನಿಜಾಮರ ಸರಕಾರದಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದೆ, ಅದನ್ನೂ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಉರ್ದು, ಪೇಟೆಯಲ್ಲಿ ಮರಾಠಿ, ಹೆಂಡತಿಯ ಮುಂದೆ ಮೌನ. ಈ ಗುರುವಾರದಿಂದ ನಾವು ಮೈಸೂರು ರಾಜ್ಯದವರು. ಒಂದು ಹಾಸಿಗೆಯನ್ನೂ ಸುತ್ತದೆ, ಒಂದು ಟಿಕೀಟನ್ನೂ ತೆಗೆಸದೆ, ಕೂತಲ್ಲೇ ಬೇರೆ ರಾಜ್ಯಕ್ಕೆ ಹೋಗುವ ಭಾಗ್ಯ ಯಾರಿಗೆ ಸಿಗುತ್ತದೆ? ನಮಗೆ ಸಿಕ್ಕಿದೆ. ಆದರೆ ಅದೇ ಕಾರಣಕ್ಕೆ ಡಾಕ್ಟರಬಾಯಿಯವರನ್ನು ಹೈದರಾಬಾದಿನ ಸರಕಾರ ತನ್ನ ಕಡೆಗೆ ಎಳೆದುಕೊಂಡಿದೆ. ಬುಧವಾರ ತಾಯಿ ಮಗಳು ಇಬ್ಬರೂ ರೈಲು ಹತ್ತುತ್ತಾರೆ. ಮನೆಯನ್ನೂ ಖಾಲಿ ಮಾಡಿದ್ದಾರೆ. ಮತ್ತೆ ಬೀದರಿಗೆ ಬರುತ್ತಾರೋ ಇಲ್ಲವೋ ಹೇಳಲಾಗದು.

ಈಗಾಗಲೇ ಆರು ಜನ ಮಾತನಾಡಿದ್ದಾರೆ. ಡಾಕ್ಟರಬಾಯಿಯವರ ಸೇವೆ, ಸಹನೆ, ಸೌಜನ್ಯ ಎಲ್ಲವನ್ನೂ ಹೇಳಿ ಮುಗಿಸಿದ್ದಾರೆ. ನನಗೆ ಉಳಿದದ್ದು ಒಂದೇ, ನನ್ನ ಎಡಗಣ್ಣು. ಇವತ್ತು ನಾನು ಈ ಕಣ್ಣಿನ ಪರವಾಗಿ ಮಾತನಾಡಲು ಬಂದವನು. ಇದು ಇರುವುದೇ ಅವರಿಂದ. ಅವರು ಇಲ್ಲದಿದ್ದರೆ ಇವತ್ತು ನನ್ನನ್ನು ಯಾರಾದರೂ ಕೈ ಹಿಡಿದು ಈ ವೇದಿಕೆಗೆ ಹತ್ತಿಸಬೇಕಾಗಿತ್ತು, ಮತ್ತು ಇಳಿಸುವುದು ಇನ್ನೂ ಕಷ್ಟವಾಗುತ್ತಿತ್ತು.

ರೋಗ ಶುರುವಾದದ್ದು ರುಮಾಲಿನಿಂದ. ಐವತ್ನಾಲ್ಕನೆಯ ಇಸವಿ, ಶ್ರಾವಣದ ಸುಮಾರು. ರುಮಾಲು ಸುತ್ತಿಕೊಂಡರೆ ಎರಡೂ ಕಪಾಳದ ಮೇಲ್ಭಾಗ, ಕಿವಿಯ ಮುಂದೆ, ಸುಡುವಂತೆ ನೋಯುತ್ತಿತ್ತು. ಬಾಚಣಿಕೆ ತಾಗಿದರೆ ನೋವು, ದಿಂಬು ತಾಗಿದರೆ ನೋವು. ರುಮಾಲಿನ ಅರಿವೆ ಹೊಸದು, ಗಂಜಿ ಬಿಟ್ಟಿಲ್ಲ ಎಂದುಕೊಂಡೆ. ಸಡಿಲ ಸುತ್ತಿದೆ. ಸಡಿಲ ಸುತ್ತಿದ ರುಮಾಲು ಹುಬ್ಬಿನ ಮೇಲೆ ಜಾರಿ ಬಂದಾಗ ಪೇಟೆಯವರು, ಮಾಸ್ತರರು ಈ ವಯಸ್ಸಿನಲ್ಲಿ ಶೋಕಿ ಕಲಿತರು ಎಂದರು. ನಾನು ಬೇಡವೆನ್ನಲಿಲ್ಲ.

ಆಮೇಲೆ ದವಡೆ. ಜೋಳದ ರೊಟ್ಟಿಯ ನಾಲ್ಕು ತುತ್ತು ಅಗಿಯುವಷ್ಟರಲ್ಲಿ ದವಡೆ ಸೋತು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಮತ್ತೆ ನಾಲ್ಕು ತುತ್ತು. ಒಂದು ಊಟಕ್ಕೆ ಒಂದು ತಾಸು. ನನ್ನ ಹೆಂಡತಿ ಶಿವಕಾಂತಾ, ರೊಟ್ಟಿ ಗಟ್ಟಿಯಾಗಿದೆ ಎಂದು ಹೇಳುವ ಹೊಸ ರೀತಿ ಇದು ಎಂದುಕೊಂಡು ಎರಡು ದಿನ ಮಾತು ಬಿಟ್ಟಳು. ನಾನು ಮಾತನಾಡಿದರೂ ಅದೇ ಕಥೆ, ಐದು ನಿಮಿಷಕ್ಕೆ ದವಡೆ ನೋವು. ಆ ಎರಡು ತಿಂಗಳು ಬೀದರಿನ ಸಭೆಗಳಲ್ಲಿ ನನ್ನ ಭಾಷಣಗಳು ತೀರ ಚಿಕ್ಕವಾಗಿದ್ದವು. ಯಾರಾದರೂ ಬಂದು, ಮಾಸ್ತರರೇ, ಯಾಕೆ ಹೀಗೆ ಎಂದು ಕೇಳಿದರೇ? ಒಬ್ಬರೂ ಕೇಳಲಿಲ್ಲ.

ನೀವು ಕೇಳಬಹುದು, ಮನೆಯಿಂದ ಕೂಗಳತೆಯಲ್ಲಿ ದವಾಖಾನೆ ಇತ್ತಲ್ಲ, ಅಲ್ಲಿ ನಿಮ್ಮ ಕಣ್ಣ ಮುಂದೆ ಬೆಳೆದ ಹುಡುಗಿ, ನಿಮ್ಮ ಕಟ್ಟೆಯ ಮೇಲೆ ಕೂತು ಬೆರಳು ಮಡಚಿ ಲೆಕ್ಕ ಕಲಿತವಳು, ಡಾಕ್ಟರಾಗಿ ಕೂತಿದ್ದಳಲ್ಲ, ಅಲ್ಲಿಗೆ ಯಾಕೆ ಹೋಗಲಿಲ್ಲ? ಒಳ್ಳೆಯ ಪ್ರಶ್ನೆ. ಕಾರಣಗಳಿದ್ದವು. ದೊಡ್ಡ ಮನುಷ್ಯ ಹೆಣ್ಣುಮಗಳ ಮುಂದೆ ರುಮಾಲು ತೆಗೆಯುವುದೇ? ನಮ್ಮ ಕಡೆ ರುಮಾಲು ತೆಗೆದರೆ ಅರ್ಧ ಮರ್ಯಾದೆ ತೆಗೆದ ಹಾಗೆ. ಕಾರಣ ಇಷ್ಟೇ. ಮುಂದೆ ಹೋಗೋಣ.

ಭಾಲ್ಕಿಗೆ ಹೋದೆ. ಅಲ್ಲಿಯ ಒಬ್ಬ ವೈದ್ಯರು ನಾಡಿ ಹಿಡಿದು, ಪಿತ್ತ ನೆತ್ತಿಗೇರಿದೆ ಎಂದು ಹದಿನೈದು ದಿನ ಕಹಿ ಕುಡಿಸಿದರು. ರುಮಾಲು ತೆಗೆಯಿರಿ ಎನ್ನಲಿಲ್ಲ. ಅವರು ಮರ್ಯಾದಸ್ಥರು. ಔರಾದದ ಸಂತೆಗೆ ಹೋದೆ. ಅಲ್ಲಿ ಹಲ್ಲು ಕೀಳುವವನೊಬ್ಬ ಚಾಪೆ ಹಾಸಿ ಕೂತಿದ್ದ. ಅಗಿಯುವಾಗ ನೋವೇ, ಹಾಗಾದರೆ ಹಲ್ಲೇ ಎಂದ. ಎರಡು ಗಟ್ಟಿ ಹಲ್ಲು ಕಿತ್ತ. ಕಿತ್ತ ಮೇಲೆ ಬೆಳಕಿಗೆ ಹಿಡಿದು ನೋಡಿ, ಎಂಥಾ ಚಲೋ ಹಲ್ಲು ರೀ ನಿಮ್ಮವು ಎಂದು ಹೊಗಳಿದ. ಅವನೂ ರುಮಾಲಿನ ತಂಟೆಗೆ ಬರಲಿಲ್ಲ. ಠಾಣಾ ಕುಶನೂರಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬ, ಕನ್ನಡಕ ಬದಲಿಸಿರಿ ಗುರುಗಳೇ ಎಂದ. ಅದನ್ನೂ ಬದಲಿಸಿದೆ. ಹೀಗೆ ಮೂರು ಊರು ತಿರುಗಿದೆ. ಮೂರೂ ಕಡೆ ಎಲ್ಲರೂ ನನ್ನ ಮರ್ಯಾದೆ ಕಾಪಾಡಿದರು. ರೋಗ ಇದ್ದದ್ದು ಆ ಮರ್ಯಾದೆಯ ಕೆಳಗೆ.

ಒಂದು ದಿನ ಹಲಬರ್ಗಾದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬಸ್ಸು ಬಂತು. ಅದರ ಎಡಭಾಗ ಬಂತು, ಬಲಭಾಗ ಬರಲಿಲ್ಲ. ಪರದೆ ಇಳಿಬಿಟ್ಟ ಹಾಗೆ ಬಲಗಣ್ಣಿನ ಮುಂದೆ ಬೂದು ಬಣ್ಣ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದೆ. ಎರಡು ನಿಮಿಷಕ್ಕೆ ಪರದೆ ಎದ್ದಿತು, ಇಡೀ ಬಸ್ಸು ಕಂಡಿತು, ಹತ್ತಿ ಕೂತೆ. ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎದ್ದಾಗ ಪರದೆ ಇಳಿದೇ ಇತ್ತು. ಇವತ್ತಿಗೂ ಎದ್ದಿಲ್ಲ.

ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಣ್ಣು ಮೊದಲಿನ ಹಾಗೇ ಇದೆ. ಬರೀ ಕಾಣುವುದನ್ನು ನಿಲ್ಲಿಸಿದೆ. ಆಗ ನಾನೇನು ಮಾಡಿದೆ? ಓಡಿದೆನೇ? ಕೂಗಿದೆನೇ? ಇಲ್ಲ ಸಭಿಕರೇ. ಎರಡು ದಿನ ಹೆಂಡತಿಯಿಂದ ಮುಚ್ಚಿಟ್ಟೆ. ಮೂರನೆಯ ದಿನ ಅವಳು ನನ್ನ ಬಲಗಡೆ ತಂಬಿಗೆ ನೀರು ಇಟ್ಟಿದ್ದಳು. ನಾನು ಅದನ್ನು ಒದ್ದೆ. ಕ್ಷಮಿಸು, ಕಾಣಲಿಲ್ಲ ಎಂದೆ. ನಲವತ್ತು ವರ್ಷದ ಸಂಸಾರದಲ್ಲಿ ನಾನು ಅವಳಿಗೆ ಕ್ಷಮಿಸು ಎಂದದ್ದು ಅದೇ ಮೊದಲು. ಅವಳಿಗೆ ಆಗಲೇ ಅನುಮಾನ ಬಂತು.

“ಏನ್ರಿ, ಕಣ್ಣಿಗಿ ಏನಾಗ್ಯಾದ ಹೇಳ್ರಿ.”

“ಏನಿಲ್ಲ.”

“ಎಡಗಣ್ಣು ಮುಚ್ಚಿ ಈ ಕಡಿ ನೋಡ್ರಿ. ಇವು ಎಷ್ಟು ಬೆರಳು?”

“ಗಣಿತ ಮಾಸ್ತರಗ ಬೆರಳು ಎಣಿಸ್ಲಾಕ ಹೇಳ್ತಿ ಏನು?”

“ಎಷ್ಟು ಅಂತ ಹೇಳ್ರಿ ಮೊದಲ.”

ನನಗೆ ಬೂದು ಬಣ್ಣ ಬಿಟ್ಟು ಏನೂ ಕಾಣಲಿಲ್ಲ. ಅವಳು ನನ್ನ ಕೈಯನ್ನು ರಟ್ಟೆಯ ಹತ್ತಿರ ಹಿಡಿದಳು. ಆ ಹಿಡಿತ ದವಾಖಾನೆಯ ಬಾಗಿಲಲ್ಲೇ ಬಿಟ್ಟದ್ದು. ದಾರಿಯುದ್ದಕ್ಕೂ ನಾನು, ಅಲ್ಲಿ ಬೇಡ, ಗುಲಬರ್ಗಕ್ಕೆ ಹೋಗೋಣ, ಉದಗೀರಕ್ಕೆ ಹೋಗೋಣ ಎನ್ನುತ್ತಲೇ ಇದ್ದೆ. ಅವಳು ಒಂದೇ ಮಾತು ಹೇಳಿದಳು. “ನೀವು ಯಾಕ ಅಲ್ಲಿಗಿ ಹೋಗಲ್ಲ ಅಂತ ನಂಗ ಗೊತ್ತದ. ನಡೀರಿ.”

ಡಾಕ್ಟರಬಾಯಿಯವರು ನನ್ನನ್ನು ನೋಡಿ ಎದ್ದು ನಿಂತರು. “ಚಾಚಾ, ಬರ್ರಿ, ಕೂಡ್ರಿ” ಎಂದರು. ಎಲ್ಲ ಕೇಳಿದರು. ತಲೆ ಕೇಳಿದರು, ದವಡೆ ಕೇಳಿದರು, ಭುಜ ಕೇಳಿದರು. ಕೇಳಿ, “ರುಮಾಲ ತಗೀರಿ” ಎಂದರು. ಅಷ್ಟು ಊರು ತಿರುಗಿದರೂ ಯಾರೂ ಹೇಳದ ಮಾತು! ನಾನು ಎದೆ ಸೆಟೆಸಿ, ಅದೊಂದು ಆಗುವುದಿಲ್ಲ ಎಂದೆ. ನನ್ನ ವಾಕ್ಯ ಮುಗಿಯುವುದರೊಳಗೆ ರುಮಾಲು ಶಿವಕಾಂತಾಳ ಕೈಯಲ್ಲಿತ್ತು. ರುಮಾಲಿನ ಕೆಳಗಿನ ರಹಸ್ಯವೇನೆಂದರೆ, ಅಲ್ಲಿ ಕೂದಲಿಲ್ಲ. ಈಗ ಸಭೆಗೂ ಗೊತ್ತಾಯಿತು, ಸರಿ.

ಡಾಕ್ಟರಬಾಯಿಯವರು ಕಿವಿಯ ಮುಂದೆ ಬೆರಳಿಟ್ಟರು. ಅಲ್ಲಿ ಒಂದು ರಕ್ತನಾಳ ಇರುತ್ತದೆ, ಎಲ್ಲರಿಗೂ. ಈಗ ನೀವೂ ಬೆರಳಿಟ್ಟು ನೋಡಿಕೊಳ್ಳಬಹುದು, ಟಕ್ ಟಕ್ ಎನ್ನುತ್ತದೆ. ನೋಡಿ, ಎಲ್ಲರೂ ಕೈ ಎತ್ತಿದರು. ಇಂಥ ಶಿಸ್ತು ನನ್ನ ತರಗತಿಯಲ್ಲಿ ಎಂದೂ ಇರಲಿಲ್ಲ. ನನ್ನದು ಟಕ್ ಎನ್ನುತ್ತಿರಲಿಲ್ಲ. ಹುರಿ ಹಾಕಿದ ದಾರದ ಹಾಗೆ ಗಟ್ಟಿಯಾಗಿ, ಗಂಟುಗಂಟಾಗಿ ಉಬ್ಬಿತ್ತು. ರಕ್ತ ತೆಗೆದು ಉದ್ದನೆಯ ಗಾಜಿನ ಕೊಳವೆಯಲ್ಲಿ ನಿಲ್ಲಿಸಿದರು. ಕೆಂಪು ಎಷ್ಟು ಬೇಗ ಕೆಳಗೆ ಇಳಿಯುತ್ತದೆ ಎಂದು ನೋಡುವುದಂತೆ, ಬೇಗ ಇಳಿದರೆ ಒಳಗೆ ಬಾವು ಇದೆ ಎಂದು ಅರ್ಥವಂತೆ. ನನ್ನದು ಸಾಲಿ ಬಿಟ್ಟ ಹುಡುಗರಂತೆ ಓಡಿ ಇಳಿಯಿತು.

“ಚಾಚಾ, ತಲಿಗಿ, ಕಣ್ಣಿಗಿ ರಕ್ತ ಒಯ್ಯೋ ನಾಳ ಬಾತಾವ. ಒಳಗ ಹಾದಿ ಸಣ್ಣದಾಗ್ಯಾದ. ಬಲಗಣ್ಣಿಗಿ ರಕ್ತ ಮುಟ್ಟಲಿಲ್ಲ, ಅದಕ್ಕ ಹೋಯ್ತು. ಅದು ತಿರುಗಿ ಬರಲ್ಲ. ನಾ ಸುಳ್ಳ ಹೇಳಲ್ಲ.”

“ಎಡದ್ದು?” ಎಂದು ಶಿವಕಾಂತಾ ಕೇಳಿದಳು. ನನಗೆ ಕೇಳುವ ಧೈರ್ಯವಿರಲಿಲ್ಲ.

“ನಾಳಿ ಹೋಗಬಹುದು, ನಾಡಿದ್ದ ಹೋಗಬಹುದು. ಔಷಧ ಅದ. ಹೊಸಾದು. ಬೀದರದಾಗ ಇಲ್ಲ.”

ಅವರ ಗುರುಗಳೊಬ್ಬರು ಹೈದರಾಬಾದಿನಲ್ಲಿ ಇಂಥದೇ ಒಬ್ಬ ಮುದುಕಿಯನ್ನು ತೋರಿಸಿ ಪಾಠ ಮಾಡಿದ್ದರಂತೆ. ಆ ಮುದುಕಿಗೆ ಎರಡೂ ಕಣ್ಣು ಹೋಗಿದ್ದವಂತೆ, ಔಷಧ ಆಗಿನ್ನೂ ಬಂದಿರಲಿಲ್ಲ. ಡಾಕ್ಟರಬಾಯಿಯವರು ಆ ಗುರುಗಳಿಗೆ ತಂತಿ ಕೊಟ್ಟರು. ಕೋರ್ಟಿಸೋನ್ ಎಂಬ ಔಷಧ ಮರುದಿನ ಮಧ್ಯಾಹ್ನದ ಪ್ಯಾಸೆಂಜರಿನಲ್ಲಿ ಗಾರ್ಡನ ಕೈಯಲ್ಲಿ ಬರಬೇಕು. ಅಲ್ಲಿಯವರೆಗೆ ನಾನು ದವಾಖಾನೆಯ ಮಂಚದ ಮೇಲೆ.

ಮರುದಿನ ಬೆಳಿಗ್ಗೆಯಿಂದ ನಾನು ಮಾಡಿದ ಕೆಲಸ ಒಂದೇ. ನೋಡುವುದು. ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಒಂದರಿಂದ ಮೂವತ್ತೊಂದರವರೆಗೆ ಓದುವುದು, ಮತ್ತೆ ಒಂದರಿಂದ. ಏಳು ಮಸುಕಾದರೆ ಕಣ್ಣು ಉಜ್ಜಿ ಮತ್ತೆ ಏಳನ್ನೇ ಓದುವುದು. ಶಿವಕಾಂತಾಳನ್ನು ನೋಡಿದೆ. ಅವಳ ಗದ್ದದ ಕೆಳಗೆ ಒಂದು ಮಚ್ಚೆ ಇತ್ತು. ಇದು ಯಾವಾಗ ಬಂತು ಎಂದು ಕೇಳಿದೆ. “ಲಗ್ನದಾಗ ತಂದಿದ್ದೆ” ಎಂದಳು. ನನಗೆ ಹೆದರಿಕೆಯಾಗಿತ್ತು. ಇಷ್ಟು ಜನರ ಮುಂದೆ ಹೇಳುತ್ತೇನೆ, ಬಹಳ ಹೆದರಿಕೆಯಾಗಿತ್ತು. ಅರವತ್ತಾರು ವರ್ಷ ನೋಡಿದ್ದು ಸಾಲದೇ ಎಂದು ಯಾರಾದರೂ ಕೇಳಿದ್ದರೆ ಅವರನ್ನು ಹೊಡೆಯುತ್ತಿದ್ದೆ.

ಡಾಕ್ಟರಬಾಯಿಯವರು ತಾಸಿಗೊಮ್ಮೆ ಬಂದು ಕೂಡುತ್ತಿದ್ದರು. ಒಮ್ಮೆ ಮೆತ್ತಗೆ ಕೇಳಿದರು. “ಚಾಚಾ, ಎರಡು ತಿಂಗಳ ನೋವು ಇಟ್ಕೊಂಡು ಊರೂರು ತಿರಗೀರಿ. ನನ್ನ ಕಡಿ ಮೊದಲ ಯಾಕ ಬರಲಿಲ್ಲ? ಬಂದಿದ್ರ ಎರಡೂ ಉಳಿತಿದ್ವಲ್ಲ.”

ನಾನು, ರುಮಾಲಮ್ಮಾ, ರುಮಾಲು ಎಂದೆ. ಅವರು ನಕ್ಕರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಆಗ ನಾನು ಮನಸ್ಸಿನಲ್ಲೇ ಬಸವಣ್ಣನ ಮುಂದೆ ಒಂದು ಹರಕೆ ಹೊತ್ತೆ. ಏನು ಹರಕೆ ಎಂಬುದು ಇಲ್ಲಿ ಅಪ್ರಸ್ತುತ. ಎಡಗಣ್ಣು ಉಳಿದರೆ ಇಂಥದ್ದೊಂದು ಕೆಲಸ ಮಾಡುತ್ತೇನೆ ಎಂದು ಹೇಳಿದೆ. ಪ್ಯಾಸೆಂಜರ ಎರಡು ತಾಸು ತಡವಾಗಿ ಬಂತು. ಔಷಧ ಬಂತು. ನಾಲ್ಕನೆಯ ದಿನ ತಲೆನೋವು ಹೋಯಿತು, ಹತ್ತನೆಯ ದಿನ ರೊಟ್ಟಿ ಅಗಿದೆ. ಎಡಗಣ್ಣು ಉಳಿಯಿತು. ಹರಕೆಯನ್ನು ನಾಳೆ ತೀರಿಸುತ್ತೇನೆ ಎಂದೆ. ನಾಳೆ ಬಂದಾಗ ನಾಡಿದ್ದು ಎಂದೆ. ಗುಳಿಗೆ ಎರಡು ವರ್ಷ ನುಂಗಬೇಕಾಗಿತ್ತು, ತಿಂಗಳಿಗಿಷ್ಟು ಕಡಿಮೆ ಮಾಡುತ್ತ. ಅವರು ಗುಳಿಗೆ ಕಡಿಮೆ ಮಾಡಿದ ಹಾಗೆ ನನ್ನ ಹರಕೆಯೂ ಕಡಿಮೆಯಾಗುತ್ತ ಬಂತು.

ಆ ಗುಳಿಗೆಯ ಗುಣವೇನು ಗೊತ್ತೇ? ವಿಪರೀತ ಹಸಿವು. ಮುಖ ಊದಿ ಗುಂಡಗಾಗುತ್ತದೆ. ನಿವೃತ್ತರಾದ ಮೇಲೆ ಮಾಸ್ತರರಿಗೆ ಸುಖ ಹತ್ತಿತು ಎಂದರು ಜನ. ಒಂದು ಲಗ್ನದಲ್ಲಿ ನಾನು ಹದಿನೆಂಟು ಹೋಳಿಗೆ ತಿಂದದ್ದಕ್ಕೆ ನಮ್ಮ ಅಧ್ಯಕ್ಷರೇ ಸಾಕ್ಷಿ, ಅವರು ಹತ್ತೊಂಬತ್ತನೆಯದರಲ್ಲಿದ್ದರು. ಮತ್ತೊಂದು, ಆ ಗುಳಿಗೆಯನ್ನು ಹಾಲಿನ ಜೊತೆಯಲ್ಲೇ ನುಂಗಬೇಕು, ಇಲ್ಲವಾದರೆ ಹೊಟ್ಟೆ ಸುಡುತ್ತದೆ. ಹೋದಾಗಲೆಲ್ಲ ಡಾಕ್ಟರಬಾಯಿಯವರು, “ಚಾಚಾ, ಹಾಲು ಕುಡೀಲತ್ತೀರಿಲ್ಲ?” ಎನ್ನುವರು. ಕುಡೀಲತ್ತೀನಿ ಬೇಟಿ ಎನ್ನುವೆ. ಹಾಗೆ ಹೇಳಿದ ಕೂಡಲೇ ಕಿಟಕಿಯ ಹೊರಗೆ ಏನಾದರೂ ನೋಡಲು ಸಿಗುತ್ತದೆಯೇ ಎಂದು ಹುಡುಕುವೆ.

ಹಾಲು ಎಂದ ಮೇಲೆ ಒಂದು ಸಂತೋಷದ ಸುದ್ದಿ. ಎಲ್ಲರೂ ಶಾಲು, ಹಣ್ಣು, ತಟ್ಟೆ ಕೊಟ್ಟಿದ್ದೀರಿ. ನಾನು ಬಡ ಮಾಸ್ತರ. ಆದರೂ ಬರಿಗೈಯಲ್ಲಿ ಬಂದಿಲ್ಲ. ನಾವು ಕೂತಿರುವ ಈ ಸಾಲಿಯ ಹಿಂದೆ, ಬೇವಿನ ಗಿಡದ ಕೆಳಗೆ ನನ್ನ ಕಾಣಿಕೆಯನ್ನು ಕಟ್ಟಿದ್ದೇನೆ. ಕೆಲವರಿಗೆ ವಾಸನೆ ಬಂದಿರಬಹುದು. ಒಂದು ಎಮ್ಮೆ! ಚಪ್ಪಾಳೆ ತಟ್ಟಬಹುದು. ಯಾವ ಹಾಲು ಕುಡಿದು ಈ ಕಣ್ಣು ಉಳಿಯಿತೋ ಆ ಹಾಲಿನ ಎಮ್ಮೆಯನ್ನೇ ಡಾಕ್ಟರಬಾಯಿಯವರ ತಾಯಿಯವರಿಗೆ ಅರ್ಪಿಸುತ್ತಿದ್ದೇನೆ. ಹೈದರಾಬಾದಿಗೆ ಹೇಗೆ ಒಯ್ಯುವುದೆಂದು ಯೋಚನೆ ಬೇಡ, ಸ್ಟೇಶನ್ ಮಾಸ್ತರು ನನ್ನ ಶಿಷ್ಯ, ವ್ಯಾಗನ್ ಹೇಳಿದ್ದೇನೆ.

ಎಂಥ ಎಮ್ಮೆ ಎಂದು ಕೇಳಿರಿ. ಒದೆಯುವುದಿಲ್ಲ, ಹಾಯುವುದಿಲ್ಲ. ವಯಸ್ಸು ಹನ್ನೆರಡಾದರೂ ಹೊತ್ತಿಗೆ ಮೂರು ಸೇರು. ಇಷ್ಟು ದಿನ ಕಮಠಾಣದ ಹೊಲದಲ್ಲಿ ಕಟ್ಟಿದ್ದೆ, ಒಳ್ಳೆಯ ಮೇವು ತಿಂದಿದೆ. ಒಂದೇ ಒಂದು ಹಟ. ಹೆಸರು ಹಿಡಿದು ಕರೆಯದೆ ಹಾಲು ಬಿಡುವುದಿಲ್ಲ. ನಾನು ಗಂಗಾ ಅಂದೆ, ಗೌರಿ ಅಂದೆ, ಊಹೂಂ. ಬೆನ್ನ ಮೇಲೆ ಕೈಯಾಡಿಸಿ, ಶಹಜಾದಿ, ಬಾ ಶಹಜಾದಿ ಎಂದರೆ ಮಾತ್ರ...

ಹಾಂ.

ಎಮ್ಮೆಗೆ ಯಾರು ಏನು ಬೇಕಾದರೂ ಹೆಸರಿಡಬಹುದು. ಹಲಬರ್ಗಾದ ಲಿಂಗವಂತರ ಮನೆಯಲ್ಲಿ ಶಹಜಾದಿ ಎಂಬ ಎಮ್ಮೆ ಇರಬಾರದೆಂದು ಯಾವ ಕಾಯ್ದೆಯಿದೆ? ಅಧ್ಯಕ್ಷರು ಗಂಟೆ ಬಾರಿಸಿದರು, ಕೇಳಿತು. ಕಿವಿ ಎರಡೂ ಚೆನ್ನಾಗಿವೆ. ಸ್ವಲ್ಪ ಇರಿ. ನಾನೀಗ ಇಳಿದುಬಿಟ್ಟರೆ ನನಗೇ ಚಲೋ. ಆದರೆ ಮರಿಯಮಬೀ ಭಾಭೀ ತಲೆ ಎತ್ತಿ ನೋಡುತ್ತಿದ್ದಾರೆ. ಅವರು ಎಡಗಡೆ ಕೂತಿದ್ದಾರೆ, ನನಗೆ ಕಾಣುತ್ತದೆ. ಬಲಗಡೆ ಕೂಡ್ರಿಸಿದ್ದರೆ ನಾನು ಇಷ್ಟರಲ್ಲಿ ವಂದನೆ ಹೇಳಿ ಕೂತಿರುತ್ತಿದ್ದೆ.

ಇನ್ನ ಗ್ರಂಥದ ಭಾಷಾ ಸಾಕ್ರಿ. ಖರೇ ಮಾತು ಮನಿ ಮಾತಿನಾಗೇ ಬರ್ತದ.

ಅದು ನನ್ನ ಎಮ್ಮಿ ಅಲ್ಲ. ಕುತುಬೋದ್ದೀನ ಮಾಸ್ತರರದು. ಡಾಕ್ಟರಬಾಯಿ ತಂದಿ. ನಾ ಗಣಿತ, ಅವರು ಫಾರಸಿ. ಗ್ವಾಡಿಗಿ ಗ್ವಾಡಿ ಹತ್ತಿದ ಮನಿ. ನಲವತ್ತೆಂಟರ ಬ್ಯಾಸಿಗಿಯೊಳಗ ರಜಾಕಾರರ ಗದ್ದಲ ಇದ್ದಾಗ ನಾನು, ಶಿವಕಾಂತಾ ಒಂದು ತಿಂಗಳು ಅವರ ಒಳಕೋಲಿಯೊಳಗ ಇದ್ದೆವು. ಕೇಳಿದವರಿಗಿ ಅವರು, ಮಾಸ್ತರ ಊರಾಗ ಇಲ್ಲ ಅಂತ ಹೇಳೋರು. ಶಿವಕಾಂತಾ ಬ್ಯಾರೆ ಒಲಿ ಹೂಡಿದಳು, ಅವರು ಬ್ಯಾಡ ಅನಲಿಲ್ಲ. ಆದ್ರ ಹಾಲು ಮಾತ್ರ ಅವರದೇ. ಭಾಭೀ ದಿನಾ ಬಾಗಿಲ ತನ ತಂದು ಇಡೋರು.

ಆಮ್ಯಾಲ ಸಪ್ಟೆಂಬರದಾಗ ಪೋಲಿಸ ಆಕ್ಷನ್ ಆಯ್ತು, ದಿಲ್ಲಿ ಫೌಜು ಬಂತು, ರಜಾಕಾರರು ಓಡಿದರು. ಹೆದರಿಕಿ ನಮ್ಮ ಮನಿ ಬಿಟ್ಟು ಅವರ ಮನಿಗಿ ಹೋಯ್ತು. ಆ ದಿನದಾಗ ಯಾರ ಮನಿಯಿಂದ ಏನೇನು ಹೋಯ್ತು, ಎಲ್ಲಿ ಹೋಯ್ತು, ಇಲ್ಲಿ ಕುಂತ ಕೆಲವರಿಗಿ ನನಗಿಂತ ಚಲೋ ಗೊತ್ತದ. ನಗಬ್ಯಾಡ್ರಿ, ನಾ ಹೆಸರು ಹೇಳಲ್ಲ. ಕುತುಬೋದ್ದೀನ ಮಾಸ್ತರರು ಭಾಭೀನ ಕರ್ಕೊಂಡು ಹೈದರಾಬಾದಿಗಿ ಹೊಂಟರು, ಮಗಳು ಅಲ್ಲೇ ಓದ್ತಿದ್ದಳು. ಹೊಂಟಾಗ ಶಹಜಾದಿ ಹಗ್ಗ ನನ್ನ ಕೈಯಾಗ ಕೊಟ್ಟರು. “ಚಾರ್ ದಿನ್ ಕೀ ಬಾತ್ ಹೈ, ಮಾಸ್ತರಸಾಬ” ಅಂದರು.

ನಾಕು ದಿನ ಅಂದಿದ್ದು ಐದು ತಿಂಗಳಾಯ್ತು. ಅಷ್ಟರಾಗ ಅದು ಕರು ಹಾಕಿತ್ತು. ನಮ್ಮ ಮನಿಯೊಳಗ ಹುಟ್ಟಿಂದ ಅಷ್ಟು ಹಾಲು ಕಂಡಿರಲಿಲ್ಲ. ಗಟ್ಟಿ ಮಸರು, ಅಂಗೈ ಅಗಲ ಕೆನಿ. ನಾ ಒಂದು ದಿನ ಎಮ್ಮಿ ಹೊಡಕೊಂಡು ಹೋಗಿ ಕಮಠಾಣದಾಗ ಕಟ್ಟಿ ಬಂದೆ. ಮೇವಿನ ಸಲುವಾಗಿ ಅಂತ ನನಗ ನಾನೇ ಹೇಳ್ಕೊಂಡೆ. ಮಾಸ್ತರರು ತಿರುಗಿ ಬಂದರು. ಮನಿಯೊಳಗ ಬಾಗಿಲ ಚೌಕಟ್ಟು ಸುದ್ದಾ ಉಳಿದಿರಲಿಲ್ಲ. ನನ್ನ ಅಂಗಳಕ್ಕ ಬಂದು, ಶಹಜಾದಿ ಎಲ್ಲಿ ಅಂತ ಕೇಳಿದರು. ನಾ, ಸತ್ತಳು ಮಾಸ್ತರ, ಗದ್ದಲದಾಗ ಬ್ಯಾನಿ ಬಂದು ಸತ್ತಳು ಅಂದೆ.

ಅವರು ಏನಂದರು ಗೊತ್ತೇನ್ರಿ? ಬೈದಿದ್ರ ನಾ ಅವತ್ತೇ ಮರ್ತು ಬಿಡ್ತಿದ್ದೆ. ನನ್ನ ಭುಜದ ಮ್ಯಾಲ ಕೈ ಇಟ್ಟು, “ನೀವು ಮನಸಿಗಿ ಹಚ್ಚಿಕೋಬ್ಯಾಡ್ರಿ, ನಿಮಗ ಭಾಳ ತ್ರಾಸ ಆಗಿರಬೇಕು” ಅಂದರು. ನನಗ ಸಮಾಧಾನ ಹೇಳಿದರು! ಎರಡು ವರ್ಷಕ್ಕ ತೀರಿಕೊಂಡರು. ಅವರಿಗಿ ನಾ ಹೇಳಲಿಲ್ಲ.

ಶಿವಕಾಂತಾ ಅವತ್ತಿಂದ ಕರಿ ಚಹಾ ಕುಡೀಲತ್ತಾಳ. ಮಸರು ಮುಟ್ಟಲ್ಲ. ನಾ ಭಾಳ ದಿನ ತನಕ ಪಥ್ಯ ಅಂತ ತಿಳ್ಕೊಂಡಿದ್ದೆ. ಅಲ್ಲ, ಪಥ್ಯ ಅಂತ ತಿಳ್ಕೊಳ್ಳದು ನನಗ ಅನುಕೂಲ ಇತ್ತು.

ಡಾಕ್ಟರಬಾಯಿ, ನೀವು ದವಾಖಾನಿಯೊಳಗ ಒಂದು ಮಾತು ಕೇಳಿದ್ರಿ, ಮೊದಲ ಯಾಕ ಬರಲಿಲ್ಲ ಅಂತ. ರುಮಾಲ ಅಲ್ಲ ಬೇಟಿ. ನೀವು ಐವತ್ಮೂರರಾಗ ಡಾಕ್ಟರಾಗಿ ಬಂದು ತಾಯಿ ಜೋಡಿ ದವಾಖಾನಿ ಕ್ವಾರ್ಟರ್ಸಿನಾಗ ಇಳಿದ ದಿನದಿಂದ, ಕಣ್ಣು ಹೋಗೋ ತನ ನಾ ಆ ಓಣಿಯೊಳಗ ಹಾಯ್ದಿರಲಿಲ್ಲ. ನಿಮ್ಮ ಮುಂದ ಕುಂತು, ನಾಲಗಿ ಚಾಚು ಅಂದ್ರ ಚಾಚಿ, ಕಣ್ಣು ತೆರಿ ಅಂದ್ರ ತೆರೆದು, ನಿಮ್ಮ ಮುಖ ಹ್ಯಾಂಗ ನೋಡ್ಲಿ? ನೀವು ರಜಾಕ್ಕ ಬಂದಾಗ ಆ ಎಮ್ಮಿ ಮೈ ತಿಕ್ಕೋದು ನಾ ನೋಡಿದೇನಿ. ನನ್ನ ಬಲಗಣ್ಣು ಯಾವ ನಾಳದ ಸಲುವಾಗಿ ಹೋಯ್ತೋ ನೀವು ಪುಸ್ತಕದಾಗ ಓದೀರಿ. ಎರಡು ತಿಂಗಳು ತಡ ಆದದ್ದು ಎಮ್ಮಿ ಸಲುವಾಗಿ. ಅದು ಯಾವ ಪುಸ್ತಕದಾಗೂ ಇರಲಿಕ್ಕಿಲ್ಲ. ಹರಕಿ ಏನು ಅಂದ್ರ, ಕಣ್ಣು ಉಳಿದ್ರ ನಿಮಗ ಖರೇ ಹೇಳ್ತೇನಿ ಅನ್ನೋದು. ಉಳೀತು. ಹೇಳಲಿಲ್ಲ. ಇವತ್ತೂ ಹೇಳ್ಬೇಕಂತ ಬಂದಿರಲಿಲ್ಲ, ಅದೂ ಹೇಳಿಬಿಡ್ತೇನಿ. ನಿಮ್ಮ ಎಮ್ಮಿ ನಿಮಗೇ ದಾನ ಕೊಟ್ಟು, ಚಪ್ಪಾಳಿ ತಗೊಂಡು ಇಳೀಬೇಕಂತ ಬಂದವ ನಾ. ತಟ್ಟಿದವರು ಚಪ್ಪಾಳಿ ವಾಪಸ ತಗೊಳ್ರಿ.

ಭಾಭೀ, ಯಾಕ ಎದ್ರಿ? ಕೂಡ್ರಿ. ಬೈಯೋದಿದ್ರ ಇಲ್ಲೇ ಬೈರಿ, ಎಲ್ಲರೂ ಕೇಳ್ಲಿ. ಭಾಭೀ!

ಹೊಂಟ್ರು. ಡಾಕ್ಟರಬಾಯಿ, ನೀವು ಹೋಗಬ್ಯಾಡ್ರಿ, ಅವರು ಬಾಗಿಲ ಕಡಿ ಹೊಂಟಿಲ್ಲ. ಹಿಂದಿನ ಕಡಿ ಹೊಂಟಾರ, ಹಿತ್ತಲಿಗಿ. ಅಧ್ಯಕ್ಷರೇ, ಆ ಗಂಟಿ ಮ್ಯಾಲಿಂದ ಕೈ ತಗೀರಿ. ಸಭಿಕರೇ, ಹೊಳ್ಳಿ ನೋಡಬ್ಯಾಡ್ರಿ, ನಿಮಗ ಅಲ್ಲಿಂದ ಕಾಣಲ್ಲ. ಈ ಕಿಟಕಿ ನನ್ನ ಎಡಕ್ಕದ. ನನಗ ಕಾಣ್ತದ. ನಾ ಹೇಳ್ತೇನಿ, ಕೇಳ್ರಿ.

ಬೇವಿನ ಗಿಡದ ತನ ಹೋದರು. ಎರಡು ಮಾರು ದೂರ ನಿಂತಾರ. ಎಮ್ಮಿ ಮೆಲಕು ಹಾಕ್ಲತ್ತದ. ಭಾಭೀ ಏನೋ ಅಂದರು, ಇಲ್ಲಿಗಿ ಕೇಳಲ್ಲ. ಎಮ್ಮಿ ಮೆಲಕು ನಿಲ್ಲಿಸ್ತು. ಕಿವಿ ತಿರುಗಿಸ್ತು. ಹಗ್ಗ ಜಗ್ಗಲತ್ತದ ನೋಡ್ರಿ, ಅವರ ಕಡಿ ಜಗ್ಗಲತ್ತದ. ಭಾಭೀ ಬೆರಳು ತೋರಿಸಿ ಅದಕ್ಕ ಬೈಲತ್ತಾರ. ಇಷ್ಟು ದಿನ ಎಲ್ಲಿ ಹೋಗಿದ್ದಿ ಅಂತ ಬೈಲತ್ತಿರಬೇಕು. ನನಗ ಬೈಯೋದು ಬಿಟ್ಟು ಅದಕ್ಕ ಯಾಕ ಬೈತಾರ? ಈಗ ಅದು ಅವರ ಭುಜದ ಮ್ಯಾಲ ಮೂತಿ ಇಟ್ಟದ. ಶಾಲು ಎಲ್ಲ ಜೊಲ್ಲು. ನೀವು ಈಗ ಹೊದಿಸಿದ ಹೊಸ ಶಾಲು, ಅಧ್ಯಕ್ಷರೇ. ಅದರ ಹಣಿ ಮ್ಯಾಲ ಕೈ ಇಟ್ಟಾರ. ತಗೀವಲ್ಲರು. ಕಣ್ಣೊರಸಿಕೊಂಡ್ರು, ಅದೇ ಶಾಲಿನಿಂದ.

ಈಗ ಈ ಕಡಿ ತಿರಗ್ಯಾರ. ಕಿಟಕಿ ಕಡಿ. ನನ್ನನ್ನೇ ನೋಡ್ಲತ್ತಾರ. ನಗಲತ್ತಿಲ್ಲ. ಬೈಲತ್ತಿಲ್ಲ. ಕುತುಬೋದ್ದೀನ ಮಾಸ್ತರರು ನನ್ನ ಅಂಗಳದಾಗ ನಿಂತು ನೋಡಿದಾಗ ನಾ ಮಾರಿ ತಿರುವಿದ್ದೆ. ಇವತ್ತು ತಿರುವಿಲ್ಲ, ನೀವೆಲ್ಲ ಸಾಕ್ಷಿ ಇದ್ದೀರಿ. ಇಲ್ಲಿಂದ ಅವರ ಮುಖ ಸ್ವಚ್ಛ ಕಾಣ್ತದ. ಗದ್ದದ ಸುಕ್ಕು ಸುದ್ದಾ ಕಾಣ್ತದ.

ಡಾಕ್ಟರಬಾಯಿ, ಇದನ್ನ ನೋಡ್ಲಾಕ ಒಂದು ಕಣ್ಣು ಉಳಿಸಿ ಕೊಟ್ರಿ. ನಿಮ್ಮ ಉಪಕಾರ ನಾ ಮರೆಯಲ್ಲ. ಕೇಳಿದ ನಿಮಗೆಲ್ಲರಿಗೂ, ಹೊತ್ತು ಮೀರಿದರೂ ತಡಕೊಂಡ ಅಧ್ಯಕ್ಷರಿಗೂ ವಂದನೆ. ನಾ ಈಗ ಹಿತ್ತಲಿಗಿ ಹೋಗಬೇಕು, ಭಾಭೀ ಕೈ ಮಾಡಿ ಕರೀಲತ್ತಾರ.

ನಮಸ್ಕಾರ.